ಡಾಂಟೆಯ ಸ್ವರ್ಗಕ್ಕೆ ಅರಬ್ಬಿ ಏಣಿ ಇತ್ತೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಟಲಿಯ ಮಹಾಕವಿ ಡಾಂಟೆಯ ಬಗ್ಗೆ ಏನು ಓದಿದರೂ ಮಿಗೆಲ್ ಅಸೀನ್ ಪಲಾಸಿಯೋಸ್ ಎಂಬ ಸ್ಪೇನಿನ ವಿದ್ವಾಂಸರ ಹೆಸರು ಎದುರಾಗುತ್ತದೆ. ಅವರು ಕ್ಯಾಥೊಲಿಕ್ ಪಾದ್ರಿಯಂತೆ. ಪಾದ್ರಿಯೊಬ್ಬರು ಕ್ರೈಸ್ತ ಸಾಹಿತ್ಯದ ಮೇಲೆ ಇಸ್ಲಾಮಿನ ಪ್ರಭಾವವನ್ನು ಅಷ್ಟು ಗಟ್ಟಿಯಾಗಿ ವಾದಿಸಿದ್ದೇಕೆ?

ಉತ್ತರ: ಅಸೀನ್ ಹುಟ್ಟಿದ್ದು 1871ರಲ್ಲಿ, ಸ್ಪೇನಿನ ಸರಗೋಸಾದಲ್ಲಿ. ಅಲ್ಲಿ ಹೂಲಿಯಾನ್ ರಿಬೇರಾ ಅವರ ಬಳಿ ಅರಬ್ಬಿ ಕಲಿತರು. 1895ರಲ್ಲಿ ಪಾದ್ರಿಯಾದರು, ಮರುವರ್ಷ ಮುಸ್ಲಿಂ ದೈವಶಾಸ್ತ್ರಜ್ಞ ಇಮಾಮ್ ಗಝಾಲಿಯ ಮೇಲಿನ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು, 1903ರಲ್ಲಿ ಮ್ಯಾಡ್ರಿಡ್ ವಿಶ್ವವಿದ್ಯಾಲಯದ ಅರಬ್ಬಿ ಪೀಠಕ್ಕೆ ಬಂದರು. ಪೌರೋಹಿತ್ಯ ಅವರ ಸಂಶೋಧನೆಗೆ ಅಡ್ಡಿಯಾಗಲಿಲ್ಲ, ದಾರಿಯಾಯಿತು. ಲ್ಯಾಟಿನ್ ದೈವಶಾಸ್ತ್ರವನ್ನು ಅರೆದು ಕುಡಿದಿದ್ದವರಿಗೆ ಅರಬ್ಬಿ ಗ್ರಂಥದಲ್ಲಿ ಅದೇ ತರ್ಕ ಸಿಕ್ಕಾಗ ಗುರುತು ಹತ್ತದೆ ಇರದು. ಕ್ರೈಸ್ತ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಮತ್ತು ಮುಸ್ಲಿಂ ತತ್ತ್ವಜ್ಞಾನಿ ಇಬ್ನ್ ರುಶ್ದ್ ಇಬ್ಬರನ್ನೂ ಪಕ್ಕಪಕ್ಕ ಇಟ್ಟು 1904ರಲ್ಲೇ ಅವರು ಬರೆದಿದ್ದರು.

ಆದರೆ ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಸೂಫಿಗಳ ತಪಸ್ಸು, ವೈರಾಗ್ಯಗಳ ಬೇರು ಪೂರ್ವದೇಶದ ಕ್ರೈಸ್ತ ಸನ್ಯಾಸಿಗಳಲ್ಲಿದೆ ಎಂಬುದು ಅವರ ನಂಬಿಕೆ. ಮುರ್ಸಿಯಾದಲ್ಲಿ ಹುಟ್ಟಿದ ಸೂಫಿ ಇಬ್ನ್ ಅರಬಿಯ ಮೇಲೆ 1931ರಲ್ಲಿ ಅವರು ಹೊರತಂದ ದೊಡ್ಡ ಗ್ರಂಥಕ್ಕೆ ‘ಕ್ರೈಸ್ತೀಕರಿಸಿದ ಇಸ್ಲಾಂ’ ಎಂದೇ ಹೆಸರು. ಅಂದರೆ ಯುರೋಪ್ ಮುಸ್ಲಿಮರಿಂದ ಪಡೆದದ್ದು, ಅವರ ಲೆಕ್ಕದಲ್ಲಿ, ಹಿಂದೆ ಕೊಟ್ಟ ಸಾಲವೇ ಬಡ್ಡಿಸಮೇತ ಮರಳಿ ಬಂದದ್ದು. ಈ ಚೌಕಟ್ಟು ಇಂದು ನಿಲ್ಲುವುದಿಲ್ಲ. ಸೂಫಿಗಳು ತಮ್ಮ ಅನುಭಾವವನ್ನು ಕುರ್‌ಆನಿನ ಪಠಣದಿಂದಲೇ ಕಟ್ಟಿಕೊಂಡರೆಂಬುದಕ್ಕೆ ಆಧಾರಗಳು ಬಲವಾಗಿವೆ. ಆದರೂ ಅಸೀನ್ ಮುಂದಿಟ್ಟ ಪಠ್ಯಗಳ ಬೆಲೆ ಇದರಿಂದ ತಗ್ಗುವುದಿಲ್ಲ. ಅವರ ಪಠ್ಯಗಳನ್ನು ಒಂದು ಕಡೆ, ಅವುಗಳಿಂದ ಅವರು ತೆಗೆದ ತೀರ್ಮಾನಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು ಓದಿದರೆ ಸಾಕು.

ಪ್ರಶ್ನೆ: ಡಾಂಟೆಯ ವಿಷಯದಲ್ಲಿ ಅವರು ನಿಖರವಾಗಿ ಹೇಳಿದ್ದೇನು? ‘ಹೋಲಿಕೆ ಇದೆ’ ಎಂಬಷ್ಟೇ ಮಾತು ಎಲ್ಲೆಡೆ ಸಿಗುತ್ತದೆ.

ಉತ್ತರ: 1919ರ ಜನವರಿ 26ರಂದು ಸ್ಪ್ಯಾನಿಷ್ ಅಕಾಡೆಮಿಗೆ ಪ್ರವೇಶಿಸುವಾಗ ಅಸೀನ್ ಮಂಡಿಸಿದ ಪ್ರಬಂಧದ ವಿಷಯ ‘ಡಿವೈನ್ ಕಾಮೆಡಿಯಲ್ಲಿ ಮುಸ್ಲಿಂ ಪರಲೋಕ ಕಲ್ಪನೆ’ (‘ಡಿವೈನ್ ಕಾಮೆಡಿ’ ಎಂದರೆ ನರಕದಿಂದ ಸ್ವರ್ಗದವರೆಗಿನ ಯಾತ್ರೆಯನ್ನು ತನ್ನದೇ ಅನುಭವವೆಂಬಂತೆ ಡಾಂಟೆ ಹೇಳುವ ಕಾವ್ಯ). ಅದು ಭಾಷಣದ ಅಳತೆ ಮೀರಿ ಒಂದು ಗ್ರಂಥವೇ ಆಗಿತ್ತು. ಅದರಲ್ಲಿ ಮೂರು ಬಗೆಯ ಅರಬ್ಬಿ ಆಕರಗಳಿವೆ. ಮೂರಕ್ಕೂ ಸಮಾನ ತೂಕವಿಲ್ಲ.

ಮೊದಲನೆಯದು ಪೈಗಂಬರರ ರಾತ್ರಿಯಾತ್ರೆ ಮತ್ತು ಆರೋಹಣದ, ಅಂದರೆ ಇಸ್ರಾ ಮತ್ತು ಮಿಅರಾಜ್‌ನ ಕಥೆಗಳು. ಕುರ್‌ಆನಿನ 17ನೇ ಅಧ್ಯಾಯದ ಮೊದಲ ವಚನದಲ್ಲಿ ಇದರ ಸೂಚನೆ ಮಾತ್ರ ಇದೆ. ಮೆಕ್ಕಾದಿಂದ ಜೆರುಸಲೇಮಿಗೆ, ಅಲ್ಲಿಂದ ಏಳು ಆಕಾಶಗಳಿಗೆ ಎಂಬ ವಿಸ್ತಾರವನ್ನೆಲ್ಲ ನಂತರದ ನಿರೂಪಣೆಗಳು ಬೆಳೆಸಿದವು. ಯಾತ್ರಿಕನೇ ಹೇಳುವ ಕಥೆ, ಮೇಲಿನಿಂದ ಕಳಿಸಿದ ಮಾರ್ಗದರ್ಶಿ, ಪಾಪಕ್ಕೆ ತಕ್ಕ ಶಿಕ್ಷೆ, ಹಂತಹಂತವಾಗಿ ಏರಿ ಕೊನೆಗೆ ಕಣ್ಣು ಕೋರೈಸುವ ಬೆಳಕಿನ ಮುಂದೆ ನಿಲ್ಲುವುದು: ಇವೆಲ್ಲ ಎರಡೂ ಕಡೆ ಇವೆ.

ಎರಡನೆಯದು ಇಬ್ನ್ ಅರಬಿ (1165–1240). ಅವರ ‘ಫುತೂಹಾತ್’ನ ಒಂದು ಅಧ್ಯಾಯದಲ್ಲಿ ತತ್ತ್ವಜ್ಞಾನಿಯೊಬ್ಬ, ಧರ್ಮವನ್ನು ಅನುಸರಿಸುವವನೊಬ್ಬ ಜೊತೆಯಾಗಿ ಆಕಾಶಗಳನ್ನು ಏರುತ್ತಾರೆ. ಪ್ರತಿ ಆಕಾಶದಲ್ಲಿಯೂ ಭಕ್ತನನ್ನು ಒಬ್ಬ ಪ್ರವಾದಿ ಎದುರುಗೊಂಡರೆ, ತತ್ತ್ವಜ್ಞಾನಿಗೆ ಆ ಗ್ರಹದ ಚೇತನ ಮಾತ್ರ ಸಿಗುತ್ತದೆ. ಒಂದು ಎತ್ತರದ ಆಚೆಗೆ ಬುದ್ಧಿಗೆ ಪ್ರವೇಶವಿಲ್ಲ. ದಾರಿ ತೋರುವ ರೋಮನ್ ಕವಿ ವರ್ಜಿಲ್ ಒಂದು ಗಡಿಯಲ್ಲಿ ನಿಂತು, ಡಾಂಟೆ ಪ್ರೀತಿಸಿದ್ದ ಬೀಟ್ರಿಸ್ ಮುಂದೆ ಕರೆದೊಯ್ಯುವ ಡಾಂಟೆಯ ಏರ್ಪಾಡನ್ನು ಇದರ ಜೊತೆ ಓದಿ ನೋಡಿ. ಅಸೀನ್ ಕೊಟ್ಟ ಸಾಮ್ಯಗಳಲ್ಲಿ ನಮಗೆ ಅತ್ಯಂತ ಆಳವಾದದ್ದಾಗಿ ಕಾಣುವುದು ಇದೇ. ಇದರಲ್ಲಿ ಒಂಟಿ ವಿವರವಲ್ಲ, ಕೃತಿಯ ಇಡೀ ವಿನ್ಯಾಸವೇ ಹೊಂದುತ್ತದೆ.

ಮೂರನೆಯದು ಸಿರಿಯಾದ ಅಂಧ ಕವಿ ಅಬುಲ್ ಅಲಾ ಅಲ್ ಮಅರ್ರಿ ಸುಮಾರು 1033ರಲ್ಲಿ ಬರೆದ ‘ಕ್ಷಮೆಯ ಪತ್ರ’. ಅದರ ನಾಯಕ ಸ್ವರ್ಗ ನರಕಗಳಲ್ಲಿ ಸತ್ತ ಕವಿಗಳನ್ನು ಭೇಟಿಯಾಗಿ, ನಿನಗೆ ಕ್ಷಮೆ ಹೇಗೆ ಸಿಕ್ಕಿತು ಎಂದು ವಿಚಾರಿಸುತ್ತಾನೆ. ನರಕದ ದಾರಿಯಲ್ಲಿ ಅವನಿಗೆ ಸಿಂಹ, ತೋಳಗಳು ಎದುರಾಗುತ್ತವೆ. ಡಾಂಟೆಯ ಮೊದಲ ಸರ್ಗದಲ್ಲಿ ಚಿರತೆ, ಸಿಂಹ, ಹೆಣ್ಣುತೋಳಗಳು ದಾರಿಗಡ್ಡ ನಿಲ್ಲುತ್ತವೆ. ನೋಡಿದ ಕೂಡಲೇ ಮನಸ್ಸು ಸೆಳೆಯುವ ಸಾಮ್ಯ. ಆದರೆ ಸಿಂಹ, ಚಿರತೆ, ತೋಳ ಮೂರೂ ಬೈಬಲ್ಲಿನಲ್ಲಿ, ಯೆರೆಮೀಯನ 5ನೇ ಅಧ್ಯಾಯದಲ್ಲಿ, ಒಟ್ಟಿಗೇ ಇವೆ. ಡಾಂಟೆಗೆ ಕೈಗೆಟುಕುವಷ್ಟು ಹತ್ತಿರ ಇದ್ದದ್ದು ಅದು.

ಪ್ರಶ್ನೆ: ಡಾಂಟೆಗೆ ಅರಬ್ಬಿ ಬರುತ್ತಿರಲಿಲ್ಲ. ಹಾಗಿದ್ದ ಮೇಲೆ ವಾದವೇ ಬಿದ್ದುಹೋಗುವುದಿಲ್ಲವೇ?

ಉತ್ತರ: 1919ರ ನಂತರ ಇಟಲಿಯ ಡಾಂಟೆ ತಜ್ಞರು ಎತ್ತಿದ ಮುಖ್ಯ ಆಕ್ಷೇಪ ಇದೇ. 1921 ಡಾಂಟೆಯ ಆರುನೂರನೇ ಪುಣ್ಯವರ್ಷ. ರಾಷ್ಟ್ರಕವಿಯ ಉತ್ಸವಕ್ಕೆ ಇಟಲಿ ಸಜ್ಜಾಗುತ್ತಿದ್ದಾಗಲೇ ಈ ವಾದ ಬಂದದ್ದರಿಂದ ಕಾವೂ ಹೆಚ್ಚಿತ್ತು. ಆದರೆ ಆಕ್ಷೇಪ ನ್ಯಾಯವಾದದ್ದು. ಸಾಮ್ಯ ಎಷ್ಟೇ ಇರಲಿ, ಓದಬಲ್ಲ ಭಾಷೆಯಲ್ಲಿ ಆ ಪಠ್ಯ ಡಾಂಟೆಯ ಕಾಲಕ್ಕೆ ಇತ್ತೆಂದು ತೋರಿಸುವವರೆಗೆ ಅದು ಅರ್ಧ ವಾದ. ಅಸೀನ್ ಬಳಿ ಆಗ ಆ ಕೊಂಡಿ ಇರಲಿಲ್ಲ, ಊಹೆ ಇತ್ತು.

ಕೊಂಡಿ ಸಿಕ್ಕಿದ್ದು 1949ರಲ್ಲಿ, ಅಸೀನ್ ತೀರಿಕೊಂಡು ಐದು ವರ್ಷಗಳಾದ ಮೇಲೆ. ಇಟಲಿಯ ಎನ್ರಿಕೊ ಚೆರುಲ್ಲಿ, ಸ್ಪೇನಿನ ಹೊಸೆ ಮುನ್ಯೋಸ್ ಸೆಂದಿನೊ ಇಬ್ಬರೂ ಬೇರೆಬೇರೆಯಾಗಿ ಒಂದೇ ಕೃತಿಯನ್ನು ಸಂಪಾದಿಸಿ ಪ್ರಕಟಿಸಿದರು. ಅದರ ಲ್ಯಾಟಿನ್ ಹೆಸರಿನ ಅರ್ಥ ‘ಮುಹಮ್ಮದರ ಏಣಿಯ ಪುಸ್ತಕ’. ಪೈಗಂಬರರೇ ಉತ್ತಮ ಪುರುಷದಲ್ಲಿ ಹೇಳುವ ಮಿಅರಾಜ್ ಕಥೆ ಅದು, 85 ಅಧ್ಯಾಯ. ಕ್ಯಾಸ್ಟೀಲಿನ ದೊರೆ 10ನೇ ಅಲ್ಫೊನ್ಸೊನ ಆಸ್ಥಾನದಲ್ಲಿ ಅಬ್ರಹಾಂ ಎಂಬ ಯಹೂದಿ ವೈದ್ಯ ಅದನ್ನು ಅರಬ್ಬಿಯಿಂದ ಕ್ಯಾಸ್ಟೀಲಿಯನ್ ಭಾಷೆಗೆ ತಂದ. ಆ ಅನುವಾದ ಕಳೆದುಹೋಗಿದೆ. ಅದರಿಂದ ಇಟಲಿಯ ಸಿಯೆನಾದ ಬೊನವೆಂತೂರಾ ಎಂಬ ಲಿಪಿಕಾರ ಲ್ಯಾಟಿನ್ ಮತ್ತು ಹಳೆಯ ಫ್ರೆಂಚ್ ರೂಪಗಳನ್ನು ಸಿದ್ಧಪಡಿಸಿದ. ಫ್ರೆಂಚ್ ಪ್ರತಿಯಲ್ಲಿ 1264ರ ಕಾಲಸೂಚನೆ ಇದೆ, ಡಾಂಟೆ ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ. ಫ್ರೆಂಚ್ ಹಸ್ತಪ್ರತಿ ಆಕ್ಸ್‌ಫರ್ಡಿನಲ್ಲಿದೆ, ಲ್ಯಾಟಿನ್ ಪ್ರತಿಗಳು ಪ್ಯಾರಿಸ್ ಮತ್ತು ವ್ಯಾಟಿಕನ್‌ಗಳಲ್ಲಿವೆ.

ಇಷ್ಟರಿಂದ ಭಾಷೆಯ ತೊಡಕು ಬಗೆಹರಿಯಿತು. ಡಾಂಟೆ ಅದನ್ನು ಕೈಗೆತ್ತಿಕೊಂಡನೆಂಬುದು ಸಿದ್ಧವಾಗಲಿಲ್ಲ. ಇಲ್ಲಿ ಅನೇಕರು ಬ್ರುನೆತ್ತೊ ಲತೀನಿಯ ಹೆಸರು ಹೇಳಿ ವಾದ ಮುಗಿಸಿಬಿಡುತ್ತಾರೆ. ಡಾಂಟೆ ನರಕಕಾಂಡದ 15ನೇ ಸರ್ಗದಲ್ಲಿ ಗುರುವೆಂದು ಗೌರವಿಸುವ ಈ ವ್ಯಕ್ತಿ 1260ರಲ್ಲಿ ಫ್ಲಾರೆನ್ಸ್ ನಗರದ ರಾಯಭಾರಿಯಾಗಿ ಅಲ್ಫೊನ್ಸೊನ ಬಳಿಗೆ ಹೋದದ್ದು ನಿಜ. ಆದರೆ ಕಾಲ ಹೊಂದಿಸಿ ನೋಡಿ. ಅದೇ ವರ್ಷದ ಸೆಪ್ಟೆಂಬರಿನ ಮೊಂತಪೆರ್ತಿ ಯುದ್ಧದಲ್ಲಿ ಅವನ ಪಕ್ಷ ಸೋತಿತು. ಹಿಂದಿರುಗುವ ದಾರಿಯಲ್ಲಿ ಸುದ್ದಿ ತಿಳಿದು ಅವನು ಫ್ರಾನ್ಸಿನಲ್ಲೇ ಉಳಿದ. ಬೊನವೆಂತೂರಾನ ಅನುವಾದ ಬಂದದ್ದು ಅದಾದ ನಾಲ್ಕು ವರ್ಷಕ್ಕೆ. ಅವನು ಪುಸ್ತಕವನ್ನು ಜೊತೆಗೆ ತಂದ ಎನ್ನುವುದಕ್ಕೆ ದಾಖಲೆಯಿಲ್ಲ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಹದಿನಾಲ್ಕನೇ ಶತಮಾನದ ಕವಿ ಫಾತ್ಸಿಯೊ ದೆಲ್ಯಿ ಊಬೆರ್ತಿಯದು. ಅವನ ದೀರ್ಘಕಾವ್ಯದಲ್ಲಿ ಈ ‘ಏಣಿ’ ಪುಸ್ತಕವನ್ನು ಹೆಸರಿಸಿಯೇ ಹೇಳಿದ್ದಾನೆ. ಡಾಂಟೆ 1321ರಲ್ಲಿ ತೀರಿಕೊಂಡ ಮೇಲಿನ ಮಾತಾದರೂ, ಇಟಾಲಿಯನ್ ಕವಿಗಳ ವಲಯದಲ್ಲಿ ಈ ಕೃತಿಯ ಪರಿಚಯ ಇತ್ತೆಂಬುದು ಇದರಿಂದ ಖಚಿತ.

ಡಾಂಟೆ ಅರಬ್ಬರ ಶಾಸ್ತ್ರಗ್ರಂಥಗಳನ್ನು ಲ್ಯಾಟಿನ್ ಅನುವಾದಗಳ ಮೂಲಕ ಬಲ್ಲವನಾಗಿದ್ದ ಎಂಬುದರಲ್ಲಂತೂ ಯಾರಿಗೂ ಸಂಶಯವಿಲ್ಲ. ಅವನ ‘ಕೊನ್ವಿವಿಯೊ’ದಲ್ಲಿ ಖಗೋಳಶಾಸ್ತ್ರಜ್ಞ ಅಲ್ ಫರ್ಗಾನಿ, ವೈದ್ಯ ಮತ್ತು ತತ್ತ್ವಜ್ಞಾನಿ ಇಬ್ನ್ ಸೀನಾ, ಗಝಾಲಿಯರ ಹೆಸರುಗಳಿವೆ.

ಪ್ರಶ್ನೆ: ಡಾಂಟೆ ಇಸ್ಲಾಮಿನ ಪ್ರವಾದಿಯನ್ನು ನರಕದಲ್ಲಿಟ್ಟಿದ್ದಾನೆ. ಅಂಥವನು ಅವರದೇ ಕಥೆಯಿಂದ ಕಡ ತಂದನೆಂದರೆ ಹೇಗೆ ನಂಬುವುದು?

ಉತ್ತರ: 28ನೇ ಸರ್ಗದಲ್ಲಿ ಧರ್ಮಭೇದ ಬಿತ್ತಿದವರ ಸಾಲಿನಲ್ಲಿ ಇಟ್ಟಿದ್ದಾನೆ, ನಿಜ. ಇಸ್ಲಾಂ ಎಂದರೆ ಕ್ರೈಸ್ತ ಮತದಿಂದ ಒಡೆದುಹೋದ ಪಂಗಡ ಎಂದು ಆ ಕಾಲದ ಯುರೋಪ್ ತಪ್ಪಾಗಿ ತಿಳಿದಿದ್ದುದರ ಫಲ ಅದು. ಅದೇ ಕವಿ 4ನೇ ಸರ್ಗದಲ್ಲಿ ಸುಲ್ತಾನ ಸಲಾಹುದ್ದೀನ್, ಇಬ್ನ್ ಸೀನಾ, ಇಬ್ನ್ ರುಶ್ದ್ ಮೂವರಿಗೂ ಲಿಂಬೋ ಎಂಬ, ಯಾತನೆಯಿಲ್ಲದ ನರಕದ ಅಂಚಿನಲ್ಲಿ, ಹೋಮರ್ ಮತ್ತು ಅರಿಸ್ಟಾಟಲ್‌ರಿದ್ದ ಕಡೆಯೇ ಜಾಗ ಕೊಟ್ಟಿದ್ದಾನೆ. ಮತವನ್ನು ಖಂಡಿಸುತ್ತಲೇ ಆ ಮತದವರ ವಿದ್ಯೆಯನ್ನು ಪಡೆಯುವುದು ಆಗ ದಿನನಿತ್ಯದ ಸಂಗತಿ. ದ್ವೇಷವಿತ್ತು ಎನ್ನುವುದು ಕಡ ತರಲಿಲ್ಲ ಎನ್ನುವುದಕ್ಕೆ ಪುರಾವೆಯಾಗದು.

ಪ್ರಶ್ನೆ: ಸ್ಪೇನಿನ ಅವಿಲಾದ ಸನ್ಯಾಸಿನಿ ಸಂತ ತೆರೆಸಾ ಹೇಳುವ ಆತ್ಮದ ಏಳು ಕೋಟೆಮನೆಗಳೂ ಸೂಫಿಗಳಿಂದ ಬಂದವು ಎನ್ನುತ್ತಾರೆ. ಇದಕ್ಕೆ ಎಷ್ಟು ಆಧಾರ?

ಉತ್ತರ: ಡಾಂಟೆಗಿಂತ ಇದು ಹೆಚ್ಚು ಕುತೂಹಲದ ಪ್ರಕರಣ ಎನ್ನುವುದು ನಮ್ಮ ಅಭಿಪ್ರಾಯ. ತೆರೆಸಾ 1577ರಲ್ಲಿ ಬರೆದ ಕೃತಿಯಲ್ಲಿ ಆತ್ಮವು ಒಂದೇ ವಜ್ರದಿಂದ ಅಥವಾ ತಿಳಿಯಾದ ಸ್ಫಟಿಕದಿಂದ ಮಾಡಿದ ಕೋಟೆ. ಅದರಲ್ಲಿ ಏಳು ವಾಸಗಳು, ನಟ್ಟನಡುವಿನ ಏಳನೆಯದರಲ್ಲಿ ದೊರೆ. ಹೊರಗಿನ ಅಂಗಳದಲ್ಲಿ ಹಾವು, ಹುಳುಹುಪ್ಪಟೆ. ಕೋಟೆಯ ರೂಪಕ ಯುರೋಪಿನ ಭಕ್ತಿಗ್ರಂಥಗಳಿಗೆ ಹೊಸದಲ್ಲ. ಆದರೆ ಒಂದರೊಳಗೊಂದು ಏಳು ಎಂಬ ರಚನೆ ಅವಳಿಗಿಂತ ಹಿಂದಿನ ಸ್ಪ್ಯಾನಿಷ್ ಲೇಖಕರಲ್ಲಿ ಸಿಗಲಿಲ್ಲ.

ಅಸೀನ್ ಅಂಥದ್ದೇ ಒಂದು ಅರಬ್ಬಿ ಪಠ್ಯ ಹುಡುಕಿದರು. 1946ರಲ್ಲಿ, ಅವರ ಮರಣಾನಂತರ, ಅವರೇ ಸ್ಥಾಪಿಸಿದ್ದ ‘ಅಲ್ ಅಂದಲೂಸ್’ ಪತ್ರಿಕೆಯಲ್ಲಿ ಆ ಲೇಖನ ಬಂತು. ಆದರೆ ಅವರ ಆಕರ ತೆರೆಸಾಗಿಂತ ಹಿಂದಿನದೆಂದು ತೋರಿಸಲಾಗದಷ್ಟು ಈಚಿನ ಸಂಕಲನ. ಕಾಲದ ಮೆಟ್ಟಿಲಲ್ಲೇ ವಾದ ಎಡವಿತು. ಅದನ್ನು ಎತ್ತಿ ನಿಲ್ಲಿಸಿದವರು ಪೋರ್ಟೊ ರಿಕೊದ ವಿದುಷಿ ಲೂಸೆ ಲೋಪೆಸ್ ಬರಾಲ್ಟ್. ಬಾಗ್ದಾದಿನ ಸೂಫಿ ಅಬುಲ್ ಹುಸೇನ್ ಅಲ್ ನೂರಿ (ನಿಧನ 907) ಬರೆದ ‘ಹೃದಯಗಳ ನೆಲೆಗಳು’ ಎಂಬ ಕೃತಿಯನ್ನು ಪಾಲ್ ನ್ವಿಯಾ 1968ರಲ್ಲಿ ಪ್ರಕಟಿಸಿದ್ದರು. ಭಕ್ತನ ಹೃದಯದಲ್ಲಿ ಒಂದನ್ನೊಂದು ಸುತ್ತುವರಿದ ಏಳು ಕೋಟೆಗಳು ಅದರಲ್ಲಿವೆ. ಹೊರಗಿನದು ಮಣ್ಣಿನದು, ಒಳಕ್ಕೆ ಹೋದಂತೆ ಲೋಹಗಳು, ಬೆಳ್ಳಿ, ಚಿನ್ನ, ತೀರ ಒಳಗೆ ಮಾಣಿಕ್ಯ. ಸೈತಾನ ಹೊರಗೆ ನಿಂತು ನಾಯಿಯಂತೆ ಬೊಗಳುತ್ತಾನೆ.

ಈಗ ಕಾಲದ ತೊಡಕಿಲ್ಲ. ಆರೂವರೆ ಶತಮಾನಗಳ ಅಂತರ ಮಾತ್ರ ಉಳಿಯಿತು. ಈ ಅಂತರ ದಾಟಿ ರೂಪಕ ಅರಬ್ಬಿ ಬಾರದ ಸನ್ಯಾಸಿನಿಯವರೆಗೆ ಹೇಗೆ ಬಂತು? ಸ್ಪೇನಿನ ಮುಸ್ಲಿಮರನ್ನು ಬಲವಂತದಿಂದ ಮತಾಂತರಿಸಿದ ಮೇಲೂ ಅವರ ವಂಶಜರು ಅಲ್ಲೇ ಇದ್ದರು. ಅವರನ್ನು ದೇಶದಿಂದ ಹೊರಹಾಕಿದ್ದು 1609ರಿಂದ 1614ರ ನಡುವೆ, ತೆರೆಸಾ ತೀರಿಕೊಂಡು ದಶಕಗಳಾದ ಮೇಲೆ. ಬಾಯಿಂದ ಬಾಯಿಗೆ ರೂಪಕ ಹರಿದಿರಬಹುದೆಂಬ ಲೋಪೆಸ್ ಬರಾಲ್ಟರ ಮಾತಿಗೆ ಇದರಿಂದ ಬಲ ಬರುತ್ತದೆ. ಇನ್ನೊಂದು ದಾರಿಯೂ ತೆರೆದಿದೆ. ತೆರೆಸಾಳ ತಂದೆಯ ತಂದೆ ಟೊಲೆಡೊದ ಯಹೂದಿ ಮೂಲದವರು, 1485ರಲ್ಲಿ ಧರ್ಮವಿಚಾರಣೆಗೆ ಒಳಗಾದವರು. ಹಳೆಯ ಯಹೂದಿ ಅನುಭಾವದಲ್ಲಿಯೂ ದೇವರ ಸಿಂಹಾಸನಕ್ಕೆ ಏಳು ಅರಮನೆಗಳನ್ನು ದಾಟಿ ಹೋಗುವ ಕಲ್ಪನೆ ಇದೆ. ಮನೆಯಲ್ಲಿ ಅಂಥ ಮಾತು ಉಳಿದಿತ್ತೆಂಬುದಕ್ಕೆ ದಾಖಲೆ ಇಲ್ಲ. ಆದರೂ ಒಂದೇ ಬಾಗಿಲು ಇತ್ತೆಂದು ಹಟ ಹಿಡಿಯುವವರು ಈ ಎರಡನೆಯದನ್ನೂ ತಳ್ಳಿಹಾಕಿ ತೋರಿಸಬೇಕಾಗುತ್ತದೆ.

ಪ್ರಶ್ನೆ: ತೆರೆಸಾಳ ಸಮಕಾಲೀನ, ಸ್ಪೇನಿನ ಅನುಭಾವಿ ಕವಿ ‘ಶಿಲುಬೆಯ’ ಸಂತ ಯೋಹಾನನ ‘ಕತ್ತಲ ರಾತ್ರಿ’ಯ ಬಗ್ಗೆ?

ಉತ್ತರ: ರೋಂದಾದಲ್ಲಿ ಹುಟ್ಟಿ ಮೊರೊಕ್ಕೊದ ಫೆಸ್ ನಗರದಲ್ಲಿ ಪ್ರವಚನಕಾರರಾಗಿದ್ದ ಇಬ್ನ್ ಅಬ್ಬಾದ್ (1333–1390) ಅವರನ್ನು ಅಸೀನ್ 1933ರಲ್ಲಿ ಯೋಹಾನನ ಪೂರ್ವಸೂರಿ ಎಂದು ಕರೆದರು. ಇಬ್ನ್ ಅಬ್ಬಾದ್ ಸೇರಿದ್ದ ಶಾದಿಲಿ ಪಂಥದ ಸೂಫಿಗಳಲ್ಲಿ ಆತ್ಮಕ್ಕೆ ಹಿಡಿತ, ಬಿಡುವು ಎಂಬ ಎರಡು ಸ್ಥಿತಿಗಳಿವೆ. ಬಿಡುವಿನ ಹಗಲಿಗಿಂತ ಹಿಡಿತದ ರಾತ್ರಿಯಲ್ಲಿ ದೇವರು ಕೊಡುವುದು ಹೆಚ್ಚು ಎಂಬ ಬೋಧನೆ ಯೋಹಾನನಿಗೆ ತುಂಬ ಹತ್ತಿರ. ಅನುಗ್ರಹದ ಸುಖಕ್ಕೂ ಅಂಟಿಕೊಳ್ಳಬಾರದೆಂಬ ನಿಲುವು ಇಬ್ಬರದ್ದೂ. ಆದರೆ ದೇವರನ್ನು ಕತ್ತಲೆಯಲ್ಲಿ ಕಾಣುವ ಪರಂಪರೆ ಗ್ರೀಕ್ ಕ್ರೈಸ್ತರಲ್ಲಿ, ನಿಸ್ಸಾದ ಗ್ರೆಗರಿಯ ಕಾಲದಿಂದಲೂ, ಇದೆ. ಅದು ಲ್ಯಾಟಿನ್ನಿಗೂ ಹರಿದುಬಂದಿತ್ತು. ಹಾಗಾಗಿ ಕತ್ತಲೆ ಎಂಬ ರೂಪಕವನ್ನು ಬಿಟ್ಟುಬಿಡಿ, ಕತ್ತಲೆ ಹಿಡಿತವೂ ಹೌದು ಕೊಡುಗೆಯೂ ಹೌದು ಎನ್ನುವ ಜೋಡಣೆಯನ್ನು ಹೋಲಿಸಿ. ವಾದದ ತಿರುಳು ಅಲ್ಲಿದೆ.

ಪ್ರಶ್ನೆ: ಎಲ್ಲವೂ ‘ಇರಬಹುದು’ ಎಂದೇ ಮುಗಿಯುತ್ತಿದೆ. ಖಚಿತವಾಗಿ ಸಿದ್ಧವಾದ ಒಂದಾದರೂ ಉದಾಹರಣೆ ಇಲ್ಲವೇ?

ಉತ್ತರ: ಇದೆ, ಅದನ್ನು ತೋರಿಸಿಕೊಟ್ಟವರೂ ಅಸೀನ್ ಅವರೇ. ಮಯೋರ್ಕಾದ ಸನ್ಯಾಸಿ ಅನ್ಸೆಲ್ಮ್ ತುರ್ಮೆದಾ ಟ್ಯುನಿಸ್‌ಗೆ ಹೋಗಿ ಇಸ್ಲಾಂ ಸ್ವೀಕರಿಸಿದ. 1417ರ ಹೊತ್ತಿಗೆ ಕ್ಯಾಟಲನ್ ಭಾಷೆಯಲ್ಲಿ ‘ಕತ್ತೆಯೊಡನೆ ವಾದ’ ಎಂಬ ಕೃತಿ ಬರೆದ. ಮನುಷ್ಯ ಪ್ರಾಣಿಗಳಿಗಿಂತ ಮೇಲೆಂದು ಹೇಳುವವನನ್ನು ಕತ್ತೆ ಒಂದೊಂದೇ ಮಾತಿಗೆ ಸೋಲಿಸುತ್ತ ಬರುತ್ತದೆ. 10ನೇ ಶತಮಾನದ ಬಸ್ರಾದ ‘ಪರಿಶುದ್ಧ ಸೋದರರು’ ಎಂಬ ತತ್ತ್ವಜ್ಞರ ಗುಂಪು ಬರೆದ ಪತ್ರಗಳಲ್ಲಿ ಪ್ರಾಣಿಗಳು ಮನುಷ್ಯರ ಮೇಲೆ ಜಿನ್ನ್‌ಗಳ ದೊರೆಯ ಮುಂದೆ ದೂರು ಹೂಡುವ ಭಾಗವಿದೆ. ಅಸೀನ್ 1914ರಲ್ಲಿ ಎರಡನ್ನೂ ಹೋಲಿಸಿ ತೋರಿಸಿದರು: ವಾದಗಳು ಅವೇ, ಉತ್ತರಗಳು ಅವೇ, ವಾಕ್ಯಗಳೇ ಹೊಂದುತ್ತವೆ. ತುರ್ಮೆದಾಗೆ ಅರಬ್ಬಿ ಬರುತ್ತಿತ್ತು, ಅರಬ್ಬಿ ನಾಡಿನಲ್ಲೇ ಇದ್ದ. ಕೊನೆಗೆ ಮನುಷ್ಯನನ್ನು ಗೆಲ್ಲಿಸುವ ಕಾರಣ ಮಾತ್ರ ಬದಲಾಗಿದೆ, ದೇವರು ಮನುಷ್ಯನಾಗಿ ಅವತರಿಸಿದ ಎಂಬ ಕ್ರೈಸ್ತ ತತ್ತ್ವ ಅದು.

ಕಾಲ, ಭಾಷೆ, ಸ್ಥಳ, ವಾಕ್ಯ ನಾಲ್ಕೂ ಕೂಡಿದರೆ ಸಿದ್ಧಿ ಹೀಗೆ ಕಾಣುತ್ತದೆ. ಡಾಂಟೆಯ ಪ್ರಕರಣದಲ್ಲಿ ಕಾಲ, ಭಾಷೆ ಕೂಡಿವೆ. ಸ್ಥಳ ಅರ್ಧ ಕೂಡಿದೆ, ವಾಕ್ಯ ಕೂಡಿಲ್ಲ. ತೆರೆಸಾ ಪ್ರಕರಣದಲ್ಲಿ ಕಾಲ ಕೂಡಿದೆ, ರಚನೆ ಅಚ್ಚರಿಯಾಗುವಷ್ಟು ಕೂಡಿದೆ, ಭಾಷೆಯ ದಾರಿ ಕಾಣದು. ಫ್ರೆಂಚ್ ಚಿಂತಕ ಪಾಸ್ಕಲ್‌ನ ಪಣದ ವಾದ (ದೇವರಿದ್ದಾನೆಂದು ನಂಬಿದರೆ ನಷ್ಟವಿಲ್ಲ, ನಂಬದಿದ್ದರೆ ಅಪಾಯ) ಗಝಾಲಿಯಲ್ಲಿದೆ ಎಂದು ಅಸೀನ್ 1920ರಲ್ಲಿ ಬರೆದರು. ಅದರ ನೆಲೆ ಇನ್ನೂ ಸಡಿಲ, ಏಕೆಂದರೆ ಅಂಥದ್ದೇ ವಾದ ಲ್ಯಾಟಿನ್ ಲೇಖಕ ಅರ್ನೋಬಿಯಸ್‌ನಲ್ಲಿ, ಗಝಾಲಿಗಿಂತ ಸುಮಾರು ಎಂಟು ಶತಮಾನ ಹಿಂದೆಯೇ, ಇದೆ.

ಪ್ರಶ್ನೆ: ನನಗೆ ಅರಬ್ಬಿ, ಇಟಾಲಿಯನ್ ಎರಡೂ ಬರುವುದಿಲ್ಲ. ಇಂಗ್ಲಿಷ್ ಮೂಲಕವೇ ಈ ಹೋಲಿಕೆಯನ್ನು ನಾನೇ ಪರೀಕ್ಷಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಸೀನ್‌ರಿಂದ ಶುರು ಮಾಡಬೇಡಿ. ಅವರ ಕಣ್ಣಿನಿಂದ ಓದಿದ ಮೇಲೆ ಎಲ್ಲೆಲ್ಲೂ ಸಾಮ್ಯವೇ ಕಾಣುತ್ತದೆ. ಮೊದಲು ನರಕಕಾಂಡದ 34 ಸರ್ಗಗಳನ್ನು, ಆಮೇಲೆ ವರ್ಜಿಲ್‌ನ ಮಹಾಕಾವ್ಯದ 6ನೇ ಅಧ್ಯಾಯವನ್ನು ಓದಿ. ಅಲ್ಲಿಯ ಪಾತಾಳಯಾತ್ರೆಯಿಂದ ಡಾಂಟೆ ಬಹಿರಂಗವಾಗಿಯೇ ಪಡೆದಿದ್ದಾನೆ. 1149ರ ಸುಮಾರಿಗೆ ರಚನೆಯಾದ ಐರಿಷ್ ಯೋಧ ತುಂಡಾಲನ ನರಕದರ್ಶನದ ಕಥೆಯನ್ನೂ ನೋಡಿ, ಕ್ರೈಸ್ತ ಲೋಕದಲ್ಲೇ ಇಂಥ ಯಾತ್ರೆಗಳು ಎಷ್ಟು ಬೆಳೆದಿದ್ದವೆಂದು ತಿಳಿಯುತ್ತದೆ. ಇದಾದ ಮೇಲೆ ‘ಏಣಿಯ ಪುಸ್ತಕ’. ಹಳೆಯ ಫ್ರೆಂಚ್ ಪ್ರತಿಯಿಂದ ರೆಜಿನಾಲ್ಡ್ ಹಯಾಟ್ ಮಾಡಿದ ಇಂಗ್ಲಿಷ್ ಅನುವಾದ 1997ರಲ್ಲಿ ಬಂದಿದೆ. ಅಸೀನ್ ಕೊನೆಗೆ. ಅವರ ಗ್ರಂಥದ 1926ರ ಇಂಗ್ಲಿಷ್ ರೂಪ ಸಂಕ್ಷಿಪ್ತವಾದದ್ದು. ಸ್ಪ್ಯಾನಿಷ್ ಓದಬಲ್ಲ ಸ್ನೇಹಿತರಿದ್ದರೆ 1943ರ ಎರಡನೇ ಆವೃತ್ತಿಯನ್ನು ಹಿಡಿಯಿರಿ. ಟೀಕಾಕಾರರಿಗೆ ಅಸೀನ್ ಕೊಟ್ಟ ಉತ್ತರ ಅದರಲ್ಲಿ ಸೇರಿದೆ.

ಓದುವಾಗ ಒಂದು ಕೋಷ್ಟಕ ಇಟ್ಟುಕೊಳ್ಳಿ. ಡಾಂಟೆಯ ವಿವರ, ಅರಬ್ಬಿ ವಿವರ, ಆ ಅರಬ್ಬಿ ಪಠ್ಯದ ಕಾಲ, 1300ಕ್ಕೆ ಮುಂಚೆ ಅದರ ಲ್ಯಾಟಿನ್ ಅಥವಾ ಫ್ರೆಂಚ್ ರೂಪ ಇತ್ತೇ, ಬೈಬಲ್ ಅಥವಾ ವರ್ಜಿಲ್‌ನಲ್ಲಿ ಅದೇ ವಿವರ ಇದೆಯೇ. ಮೂರನೆಯ ಅಂಕಣವನ್ನು ಖಾಲಿ ಬಿಟ್ಟವರೇ ಹೆಚ್ಚು ಎಡವಿದ್ದಾರೆ. ಅಸೀನ್ ಹಲವು ಮಿಅರಾಜ್ ನಿರೂಪಣೆಗಳನ್ನು 1505ರಲ್ಲಿ ತೀರಿಕೊಂಡ ಸುಯೂತಿಯ ಸಂಕಲನದಿಂದ ತೆಗೆದುಕೊಂಡರು. ಅದು ಹದೀಸ್ (ಪೈಗಂಬರರ ನಡೆನುಡಿಗಳ ವರದಿ) ಪಂಡಿತರು ಕಲ್ಪಿತವೆಂದು ತಳ್ಳಿದ ಕಥೆಗಳ ಸಂಗ್ರಹ. ಸಾಹಿತ್ಯದ ಹೋಲಿಕೆಗೆ ಕಲ್ಪಿತ ಕಥೆಯಾದರೂ ಆಗುತ್ತದೆ, ಜನರ ಬಾಯಲ್ಲಿ ಓಡಾಡಿದ್ದು ಅಂಥವೇ. ಆದರೆ ಪ್ರತಿಯೊಂದು ಕಥೆಯೂ ಡಾಂಟೆಗಿಂತ ಹಳೆಯದೇ ಎಂದು ಬೇರೆಯಾಗಿ ನೋಡಿಕೊಳ್ಳಬೇಕು. ಬೇರೆಬೇರೆ ಶತಮಾನದ ಹತ್ತು ನಿರೂಪಣೆಗಳಿಂದ ಒಂದೊಂದು ವಿವರ ಹೆಕ್ಕಿ ಜೋಡಿಸಿದರೆ ಡಾಂಟೆಯನ್ನು ಹೋಲುವ ಯಾತ್ರೆಯೊಂದು ಸಿದ್ಧವಾಗುತ್ತದೆ, ಆದರೆ ಅಂಥ ಪುಸ್ತಕ ಯಾರ ಕೈಯಲ್ಲೂ ಎಂದೂ ಇರಲಿಲ್ಲ. ಆದ್ದರಿಂದ ‘ಏಣಿಯ ಪುಸ್ತಕ’ದಲ್ಲಿರುವ ವಿವರಗಳಿಗೆ ಒಂದು ಬಣ್ಣ, ಬೇರೆಡೆಯವಕ್ಕೆ ಇನ್ನೊಂದು ಬಣ್ಣ ಬಳಸಿ.

ನಕ್ಷೆಗಳನ್ನು ಹೋಲಿಸುವಾಗಲೂ ಹುಷಾರು. ಇಬ್ನ್ ಅರಬಿಯ ಗ್ರಂಥದಲ್ಲಿ ಪರಲೋಕದ ವೃತ್ತಾಕಾರದ ಚಿತ್ರಗಳಿವೆ. ಡಾಂಟೆ ಅಂಥ ನಕ್ಷೆ ಬಿಟ್ಟುಹೋಗಿಲ್ಲ, ಪುಸ್ತಕಗಳಲ್ಲಿ ಕಾಣುವ ನರಕದ ಆಲಿಕೆಯಾಕಾರವನ್ನು ಬರೆದವರು ಅವನ ವ್ಯಾಖ್ಯಾನಕಾರರು. ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡುವ ಬದಲು, ಸರ್ಗದ ಸಾಲುಗಳನ್ನೇ ಅರಬ್ಬಿ ಪಠ್ಯದ ಸಾಲುಗಳ ಪಕ್ಕದಲ್ಲಿ ಇಡಿ.